ಅಕ್ಕನ ಗುಂಗುರು ವಿಗ್ಗು, ರೊಟ್ಟಿ ಹಂಚು

ಬಾಗಲಕೋಟೆಯ ನವನಗರದಲ್ಲಿ ನಾನು ಬ್ಯೂಟಿ ಪಾರ್ಲರ್ ತೆರೆದು 14 ವರ್ಷವಾಯಿತು. ಮದುವೆ ಹೆಣ್ಣಿಗೆ ತುರುಬು ಕಟ್ಟುವುದು, ಜಡೆಗೆ ಹೂವಿನ ದಂಡೆ ಕೂಡಿಸುವುದು, ಮೆಹಂದಿ ಹಚ್ಚುವುದು ಎಲ್ಲ ಕೈಗೆ ಕೂತ ಕೆಲಸ. ವಿಗ್ಗನ್ನು ಮಾತ್ರ ಮುಟ್ಟಿರಲಿಲ್ಲ. ಮೂರು ವರ್ಷದ ಹಿಂದೆ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿ, ಬೆಳಗಾವಿಯಲ್ಲಿ ಕೀಮೋ ಶುರುವಾಯಿತು. ಮೂರನೇ ವಾರಕ್ಕೆ ದಿಂಬಿನ ತುಂಬ ಕೂದಲು. ಅಕ್ಕನದು ಹುಟ್ಟಿನಿಂದಲೂ ಗುಂಗುರು ಕೂದಲು, ಊರಲ್ಲಿ ಅವಳನ್ನು ಗುರುತಿಸುತ್ತಿದ್ದದ್ದೇ ಅದರಿಂದ. ಹಾಗಾಗಿ ವಿಗ್ಗೂ ಗುಂಗುರೇ ಬೇಕೆಂದಳು. ಭುಜದವರೆಗಿನ ಕಪ್ಪು ಸಿಂಥೆಟಿಕ್ ವಿಗ್ಗು ತರಿಸಿದೆವು.

ಬಂದ ಐದನೇ ದಿನವೇ ಅದನ್ನು ಕೆಡಿಸಿದೆವು. ಅವತ್ತು ಅಕ್ಕನಿಗೆ ಸ್ವಲ್ಪ ಚೈತನ್ಯ ಬಂದಿತ್ತು, ತಾನೇ ರೊಟ್ಟಿ ಬಡಿಯುತ್ತೇನೆಂದು ಒಲೆ ಮುಂದೆ ನಿಂತಳು. ಹಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಬಗ್ಗಿ ತಿರುವಿ ಹಾಕಬೇಕಲ್ಲ, ಆ ಬಿಸಿ ಹಬೆ ನೇರ ಹಣೆಗೆ ಬಡಿಯುತ್ತದೆ. ನಾಲ್ಕನೇ ರೊಟ್ಟಿಗೆ ಅಕ್ಕ ಒಳಗಿನಿಂದ ಕೂಗಿದಳು: "ತಂಗಿ, ಏನೋ ಪ್ಲಾಸ್ಟಿಕ್ ಸುಟ್ಟ ವಾಸನಿ ಬರಾಕತ್ತೈತಿ ನೋಡ." ಹಣೆಯ ಮೇಲಿನ ಸುರುಳಿಗಳೆಲ್ಲ ಮುದುಡಿ, ಮುಟ್ಟಿದರೆ ಒರಟೊರಟು. ನಾನು ಪಾರ್ಲರ್ ಬುದ್ಧಿಯಿಂದ ಸ್ಟ್ರೈಟ್ನರ್ ತಂದು ಎಳೆದೆ. ಎಳೆಗಳು ಕರಗಿ ಪ್ಲೇಟಿಗೇ ಅಂಟಿಕೊಂಡವು. ಅಕ್ಕ ಏನೂ ಅನ್ನಲಿಲ್ಲ, ತಲೆಗೆ ಸೆರಗು ಸುತ್ತಿಕೊಂಡು ಉಳಿದ ರೊಟ್ಟಿ ಮಾಡಿದಳು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆಮೇಲೆ ಒಂದೊಂದಾಗಿ ಕಲಿತೆ. ಸಿಂಥೆಟಿಕ್ ಎಳೆ ಎಂದರೆ ಪ್ಲಾಸ್ಟಿಕ್ಕಿನ ದಾರ. ಬಹಳ ಕಡೆ ಬಳಸುವುದು ಮೋಡಾಕ್ರಿಲಿಕ್, ಜಪಾನಿನ ಕನೆಕಲಾನ್ ಅದೇ ಜಾತಿಯದು. ಕಾರ್ಖಾನೆಯಲ್ಲಿ ಬಿಸಿ ಕೊಟ್ಟು ಅದಕ್ಕೆ ಸುರುಳಿ ಕೂಡಿಸಿರುತ್ತಾರೆ, ಹೆಚ್ಚಿನ ಬಿಸಿ ತಾಗಿದರೆ ಆ ಸುರುಳಿ ಕೆಡುತ್ತದೆ. ಸುಟ್ಟು ಮುದುಡಿದ ತುದಿ ಮತ್ತೆ ಸರಿಯಾಗುವುದಿಲ್ಲ, ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ ತೆಗೆಯಬೇಕು. ಬಿಸಿ ತಡೆಯುವ ಸಿಂಥೆಟಿಕ್ಕೂ ಸಿಗುತ್ತದೆ, ಆದರೆ ಎಷ್ಟು ಡಿಗ್ರಿವರೆಗೆ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ ಮಷಿನ್ ಹಚ್ಚಬೇಕು. ಬರೆದಿಲ್ಲವೆಂದರೆ ಡ್ರೈಯರ್ ಕೂಡ ಬೇಡ. ಗ್ಯಾಸ್ ಒಲೆ, ಕುಕ್ಕರ್ ಹಬೆ, ದೀಪಾವಳಿ ಪಟಾಕಿ, ಬಗ್ಗಿ ಆರತಿ ತೆಗೆದುಕೊಳ್ಳುವುದು, ಇವೆಲ್ಲ ಅಪಾಯವೇ. ಅಂದಿನಿಂದ ಅಡುಗೆಮನೆ ಬಾಗಿಲಲ್ಲೇ ಒಂದು ಮೊಳೆ ಹೊಡೆದು ಹತ್ತಿ ಬಟ್ಟೆಯ ಟೋಪಿ ತೂಗುಹಾಕಿದೆ. ವಿಗ್ಗು ತೆಗೆದು ಟೋಪಿ ಹಾಕಿಕೊಂಡೇ ಒಲೆ ಹತ್ತಿರ ಹೋಗಬೇಕು.

ಎಳೆ ಯಾವುದೆಂದು ಗೊತ್ತಿಲ್ಲದಿದ್ದರೆ ಒಳಗಿನಿಂದ ಒಂದೇ ಒಂದು ಎಳೆ ಕತ್ತರಿಸಿ, ಹೊರಗೆ ಅಂಗಳದಲ್ಲಿ ಚಿಮಟಿಯಿಂದ ಹಿಡಿದು ಸುಟ್ಟು ನೋಡುತ್ತೇನೆ. ನಿಜವಾದ ಕೂದಲು ಸುಟ್ಟ ಕೂದಲಿನ ನಾತ ಬಂದು ಬೂದಿಯಾಗಿ ಉದುರುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಗುಂಗುರು ವಿಗ್ಗಿನ ನಿಜವಾದ ಕಷ್ಟ ಸಿಕ್ಕು. ಕುತ್ತಿಗೆ ಹಿಂದೆ, ರವಿಕೆ ಮತ್ತು ಸೆರಗು ಉಜ್ಜುವ ಕಡೆ, ವಾರದಲ್ಲೇ ಉಂಡೆ ಕಟ್ಟುತ್ತದೆ. ಮೊದಮೊದಲು ನಾನು ನಮ್ಮ ಕೂದಲಿಗೆ ಮಾಡುವ ಹಾಗೇ ಕೊಬ್ಬರಿ ಎಣ್ಣೆ ಹಚ್ಚಿ ಸಣ್ಣ ಹಣಿಗೆಯಿಂದ ಬಾಚಿದೆ. ಪ್ಲಾಸ್ಟಿಕ್ ಎಣ್ಣೆಯನ್ನು ಹೀರುವುದಿಲ್ಲ, ಮೇಲೆಯೇ ನಿಂತು ನಮ್ಮೂರ ಧೂಳನ್ನೆಲ್ಲ ಹಿಡಿದುಕೊಂಡಿತು. ಸೀಗೆಪುಡಿಯೂ ಬೇಡ, ಅದರ ಕಣ ವಿಗ್ಗಿನ ಟೋಪಿಯ, ಅಂದರೆ ಎಳೆಗಳನ್ನು ಕೂಡಿಸಿದ ಒಳಗಿನ ಬಲೆಯ, ಹೆಣಿಗೆಯಲ್ಲಿ ಸಿಕ್ಕರೆ ತೊಳೆದರೂ ಹೋಗುವುದಿಲ್ಲ. ಈಗ ಸ್ಪ್ರೇ ಬಾಟಲಿಯಲ್ಲಿ ನೀರು, ಅದಕ್ಕೆ ಅರ್ಧ ಚಮಚ ಕಂಡೀಷನರ್ ಬೆರೆಸಿ ಸಿಂಪಡಿಸುತ್ತೇನೆ. ಎಳೆಯ ನಡುವೆ ಒಂದು ಕೈಯಿಂದ ಗಟ್ಟಿ ಹಿಡಿದು, ತುದಿಯಿಂದ ಮೇಲಕ್ಕೆ ಬೆರಳಿನಿಂದಲೇ ಬಿಡಿಸುತ್ತೇನೆ. ಬೆರಳಿಗೆ ಬಗ್ಗದಿದ್ದರೆ ಅಗಲ ಹಲ್ಲಿನ ಹಣಿಗೆ. ಒಣಗಿದ ಗುಂಗುರಿಗೆ ಬ್ರಶ್ ಹಾಕಿದರೆ ಸುರುಳಿ ಬಿಚ್ಚಿ ಹತ್ತಿಯಂತೆ ಉಬ್ಬುತ್ತದೆ.

ಹತ್ತು ಹನ್ನೆರಡು ಸಲ ಹಾಕಿಕೊಂಡ ಮೇಲೆ ಒಮ್ಮೆ ತೊಳೆದರೆ ಸಾಕು. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ವಾರಕ್ಕೊಮ್ಮೆ. ಮೊದಲು ಸಿಕ್ಕು ಬಿಡಿಸಿ, ಬುಟ್ಟಿಯ ತಣ್ಣೀರಿಗೆ ಒಂದು ಮುಚ್ಚಳ ಮೆದು ಶಾಂಪೂ ಹಾಕಿ, ವಿಗ್ಗನ್ನು ಐದು ನಿಮಿಷ ಮುಳುಗಿಸಿ, ಮೇಲೆ ಕೆಳಗೆ ಅದ್ದುವುದಷ್ಟೇ. ಉಜ್ಜಬಾರದು, ಹಿಂಡಬಾರದು. ನಮ್ಮ ಮನೆ ಬೋರ್‌ವೆಲ್ ನೀರು ಬಹಳ ಗಡಸು, ಒಣಗಿದ ಮೇಲೆ ಎಳೆ ಮೇಲೆ ಬಿಳಿ ಪುಡಿ ಕಾಣುತ್ತಿತ್ತು. ಹಾಗಾಗಿ ಕೊನೆಯ ನೀರು ಮಾತ್ರ ಕುಡಿಯುವ ಫಿಲ್ಟರಿನದು. ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು, ಬೋರಲು ಹಾಕಿದ ತಾಮ್ರದ ತಂಬಿಗೆ ಮೇಲೆ ಸಡಿಲವಾಗಿ ಕೂಡಿಸಿ ನೆರಳಲ್ಲಿ ಆರಿಸುತ್ತೇನೆ. ತಲೆಯಾಕಾರದ ದೊಡ್ಡ ಬುರುಡೆಯ ಮೇಲೆ ಒದ್ದೆ ವಿಗ್ಗು ಹಾಕಿದರೆ ಟೋಪಿ ಹಿಗ್ಗುತ್ತದೆ. ಬಿಸಿಲಿಗೆ ಬಣ್ಣ ಮಾಸುತ್ತದೆ.

ಬಿಚ್ಚಿದ ಸುರುಳಿ ಕೂಡಿಸುವುದು ನನಗೆ ಇಷ್ಟದ ಕೆಲಸ. ಒದ್ದೆ ಎಳೆಯನ್ನು ಪೆನ್ನಿನಷ್ಟು ದಪ್ಪದ ಕಡ್ಡಿಗೆ ಬಿಗಿಯಾಗಿ ಸುತ್ತಿ ಕ್ಲಿಪ್ಪು ಹಾಕಬೇಕು. ನಿಜವಾದ ಕೂದಲಿನ ವಿಗ್ಗಾದರೆ ಅಷ್ಟೇ ಸಾಕು, ಕೂದಲು ನೀರಿಗೆ ಮೆದುವಾಗಿ, ಒಣಗುವಾಗ ಇದ್ದ ಆಕಾರಕ್ಕೆ ನಿಲ್ಲುತ್ತದೆ. ಮುಂದಿನ ತೊಳೆತಕ್ಕೆ ಅದು ಮತ್ತೆ ಬಿಚ್ಚಬಹುದು. ಸಿಂಥೆಟಿಕ್ಕಿಗೆ ನೀರೊಂದೇ ಸಾಲದು. ಸ್ಟ್ಯಾಂಡಿಗೆ ಸಿಕ್ಕಿಸಿ, ಸುತ್ತಿದ ಎಳೆಯನ್ನು ಬಿಸಿನೀರಿನಲ್ಲಿ ಕೆಲವು ಕ್ಷಣ ಅದ್ದಿ ತೆಗೆದು, ಪೂರ್ತಿ ಆರುವವರೆಗೆ ಕಡ್ಡಿ ಬಿಡಿಸಬಾರದು. ಕುದಿಯುವ ನೀರು ಬೇಡ, ಮೊದಲು ಒಂದು ಒಳ ಎಳೆಯ ಮೇಲೆ ಪರೀಕ್ಷಿಸಿ. ಯಾರ ತಲೆಯ ಮೇಲೂ ಇದ್ದಾಗ ಇದನ್ನು ಮಾಡಲೇಬಾರದು, ಚರ್ಮ ಬೆಂದೀತು.

ಆರು ತಿಂಗಳಾದ ಮೇಲೆ ಅಕ್ಕನಿಗೆ ನಿಜವಾದ ಕೂದಲಿನದೊಂದು ಕೊಂಡೆವು. ಮುಡಿ ಕೊಟ್ಟ ಕೂದಲನ್ನು ತಿರುಪತಿ ದೇವಸ್ಥಾನ ಹರಾಜು ಹಾಕುತ್ತದೆ, ದೇಶದ ವಿಗ್ಗಿನ ವ್ಯಾಪಾರಕ್ಕೆ ಅದೊಂದು ದೊಡ್ಡ ಮೂಲ. ನೇರ ಕೂದಲನ್ನು ಕಡ್ಡಿಗೆ ಸುತ್ತಿ ಹಬೆ ಹಾಯಿಸಿಯೂ ಗುಂಗುರು ಮಾಡುತ್ತಾರೆ. ಇದಕ್ಕೆ ಕಂಡೀಷನರ್ ಹಚ್ಚುವಾಗ ಬುಡದಿಂದ ಎರಡು ಬೆರಳು ಜಾಗ ಬಿಡಬೇಕು. ಇಲ್ಲದಿದ್ದರೆ ಕೂದಲನ್ನು ಟೋಪಿಗೆ ಕಟ್ಟಿದ ಗಂಟು ಜಾರಿ ಎಳೆ ಉದುರತೊಡಗುತ್ತದೆ. ನಮ್ಮ ಕೂದಲಾದರೆ ಮತ್ತೆ ಹುಟ್ಟುತ್ತದೆ, ವಿಗ್ಗಿನದು ಹೋದರೆ ಹೋಯಿತು.

ವಿಗ್ಗಿಗಿಂತ ಅದರ ಕೆಳಗಿನ ಚರ್ಮವೇ ಮುಖ್ಯವೆಂದು ನನಗೆ ತಿಳಿದದ್ದು ಅಕ್ಕನ ಹಣೆಯ ಗೆರೆ ನೋಡಿ. ಎಲಾಸ್ಟಿಕ್ ಬಿಗಿಯಾಗಿ ಕಿವಿ ಹಿಂದೆ ಕೆಂಪಗೆ ಹುಣ್ಣಾಗಿತ್ತು. ಈಗ ಬೆರಳೊಂದು ಸಲೀಸಾಗಿ ಹೋಗುವಷ್ಟು ಸಡಿಲ ಬಿಟ್ಟು ಹೊಲಿಯುತ್ತೇನೆ. ಒಳಗೆ ಮೆತ್ತನೆಯ ಹತ್ತಿ ಟೋಪಿ ಹಾಕಿಸುತ್ತೇನೆ, ಮಲಗುವಾಗ ವಿಗ್ಗು ಬೇಡ ಎನ್ನುತ್ತೇನೆ. ಕೀಮೋ ನಡೆದಾಗ ವಿಗ್ಗು ಅಂಟಿಸುವ ಗಮ್ಮು, ಟೇಪು ಬೇಡವೇ ಬೇಡ. ಆಗ ರಕ್ತದ ಬಿಳಿಕಣ ಕಡಿಮೆಯಾಗಿರುತ್ತವೆ, ಸಣ್ಣ ಗಾಯವೂ ಸೋಂಕಾಗಬಹುದು. ತಲೆಯಲ್ಲಿ ಕೀವು ಕಂಡರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಮನೆಮದ್ದು ಮಾಡದೆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಬೇಕು.

ಗಮ್ಮಿನ ಕಾಟವನ್ನು ಕಣ್ಣಾರೆ ಕಂಡದ್ದು ಬಾದಾಮಿ ಬನಶಂಕರಿ ಜಾತ್ರೆ ಸಮಯದಲ್ಲಿ. ನಾಟಕ ಕಂಪನಿಯ ಹುಡುಗಿಯೊಬ್ಬಳು ಪಾರ್ಲರಿಗೆ ಬಂದಳು. ದಿನಕ್ಕೆ ಎರಡು ಆಟ, ಗುಂಗುರು ವಿಗ್ಗನ್ನು ಗಮ್ಮಿನಿಂದ ಅಂಟಿಸಿ, ಆಟ ಮುಗಿದ ಕೂಡಲೇ ಕಿತ್ತು, ಹಣೆಯಂಚಿನ ಚರ್ಮ ಸುಲಿದು ಅವಳದೇ ಕೂದಲು ಉದುರಿತ್ತು. "ಅಕ್ಕಾರ, ಮುಂದ ಬೋಳ ಆಗ್ತೀನೇನ್ರಿ?" ಎಂದು ಕಣ್ಣೀರು ತಂದುಕೊಂಡಳು. ಗಮ್ಮು ಬಿಡಿಸುವ ದ್ರಾವಣ ಹಚ್ಚಿ, ತಾಳ್ಮೆಯಿಂದ ಸಡಿಲ ಮಾಡಿಯೇ ತೆಗೆಯಬೇಕೆಂದು ತೋರಿಸಿಕೊಟ್ಟೆ. ಹೊಸ ಗಮ್ಮು ತಂದರೆ ಮೊಳಕೈ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಬೇಕು. ಸ್ಪಿರಿಟ್ ಇರುವ ಗಮ್ಮಿಗೆ ಬೆಂಕಿ ಬೇಗ ಹತ್ತುತ್ತದೆ, ರಂಗಪೂಜೆಯ ದೀಪದ ಹತ್ತಿರ ಹಚ್ಚಿಕೊಳ್ಳಬೇಡ ಎಂದೆ. ಮುಂದೆ ಗಮ್ಮಿಲ್ಲದೆ ನಿಲ್ಲಲಿ ಎಂದು ಅವಳ ವಿಗ್ಗಿನ ಒಳಗೆ ಅಗಲ ಪಟ್ಟಿ ಹೊಲಿದುಕೊಟ್ಟೆ.

ಅಕ್ಕನ ಕೂದಲು ಕೀಮೋ ಮುಗಿದ ಮೂರು ತಿಂಗಳಿಗೆ ಮೊಳೆಯಿತು, ಮೊದಲಿಗಿಂತ ಸಣ್ಣ ಸುರುಳಿ. ನಿಜವಾದ ಕೂದಲಿನ ವಿಗ್ಗು ಈಗ ಗಾಳಿಯಾಡುವ ಸ್ಯಾಟಿನ್ ಚೀಲದಲ್ಲಿ ಬೀರುವಿನಲ್ಲಿದೆ, ತಂಬಿಗೆ ಮೇಲೆಯೇ. ಕಳೆದ ವಾರ ಇಳಕಲ್ಲಿನ ಹೆಣ್ಣುಮಗಳೊಬ್ಬಳಿಗೆ ಎರಡು ಸಲ ತೊಳೆದ ಸಿಂಥೆಟಿಕ್ಕಿನದನ್ನು, ಹೊಸ ಒಳಟೋಪಿ ಸಮೇತ ಕೊಟ್ಟೆ. ಅಕ್ಕನೂ ಜೊತೆಗಿದ್ದಳು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಕೇಳಿದಳು: "ನಿಮ್ಮನ್ಯಾಗ ರೊಟ್ಟಿ ಯಾರ ಬಡೀತಾರಿ?"