ಮಳೆ, ಮಂಜಿನ ದಿನ ವಿಮಾನ ಹತ್ತುವವರಿಗೆ

ಗುಡುಗು ಮಳೆಯ ಕಾಲದಲ್ಲಿ ಟಿಕೆಟ್ ಮಾಡಿಸುವವರು ಆದಷ್ಟು ಬೆಳಗಿನ ವಿಮಾನ ನೋಡಿ. ಬಿಸಿಲಿಗೆ ನೆಲ ಕಾದು ಬಿಸಿಗಾಳಿ ಮೇಲೇಳುವುದರಿಂದ ಗುಡುಗು ಮೋಡ ಜಾಸ್ತಿ ಕಟ್ಟುವುದು ಮಧ್ಯಾಹ್ನದ ಮೇಲೆ. ಚಳಿಗಾಲದಲ್ಲಿ ಲೆಕ್ಕ ಉಲ್ಟಾ. ಮುಂಜಾನೆ ಮಂಜು ಕವಿಯುವ ಊರಾದರೆ ಬಿಸಿಲೇರಿದ ಮೇಲಿನ ವಿಮಾನವೇ ವಾಸಿ.

ಸಿಡಿಲಿಗೆ ಹೆದರುವವರು ಬಹಳ ಜನ. ಅದು ಬಡಿದರೂ ವಿದ್ಯುತ್ ಸಾಮಾನ್ಯವಾಗಿ ವಿಮಾನದ ಹೊರಮೈ ಮೇಲೆ ಹರಿದು ಹೊರಗೇ ಹೋಗುತ್ತದೆ. ಪೈಲಟ್‌ಗಳಿಗೆ ನಿಜವಾದ ತಲೆನೋವು ಗುಡುಗು ಮೋಡದ ಒಳಗಿನ ಗಾಳಿ ಮತ್ತು ಆಲಿಕಲ್ಲು. ಹಾಗಾಗಿ ದೊಡ್ಡ ಮೋಡ ಕಂಡರೆ 20 ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿ.ಮೀ. ದೂರ ಉಳಿಯಲು ನೋಡುತ್ತಾರೆ. ಇಳಿಯುವಾಗ ಗಾಳಿ ದಿಢೀರ್ ಅಂತ ದಿಕ್ಕು, ವೇಗ ಬದಲಿಸುವುದು ಇನ್ನೂ ಅಪಾಯ. ರನ್‌ವೇ ಹತ್ತಿರ ಬಂದ ವಿಮಾನ ಮತ್ತೆ ಮೇಲೇರಿದರೆ ಗಾಬರಿ ಬೇಡ. ಪೈಲಟ್‌ಗಳು ಅದನ್ನು ತರಬೇತಿಯಲ್ಲೇ ಕಲಿತಿರುತ್ತಾರೆ.

ಸೂಚನೆಯ ದೀಪ ಆರಿತು ಅಂತ ಸುಮ್ನೆ ಬೆಲ್ಟ್ ಬಿಚ್ಚಬೇಡಿ. ಮೋಡವೇ ಇಲ್ಲದ ಆಕಾಶದಲ್ಲೂ ಕುಲುಕಾಟ ಬರುತ್ತದೆ, ವಿಮಾನದ ರೇಡಾರ್‌ಗೂ ಅದು ಕಾಣುವುದಿಲ್ಲ. ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಹಾಕದವರಿಗೇ. ರೆಕ್ಕೆಯ ಹತ್ತಿರದ ಸೀಟಿನಲ್ಲಿ ಕುಲುಕಾಟ ಸ್ವಲ್ಪ ಕಡಿಮೆ.

"ಇಲ್ಲಿ ಬಿಸಿಲಿದೆ, ಆದರೂ ಯಾಕೆ ಲೇಟು?" ಅಂತ ಕೌಂಟರ್‌ನಲ್ಲಿ ಜಗಳ ಆಗ್ತಾನೇ ಇರುತ್ತೆ ಅಲ್ವಾ? ಹೋಗಬೇಕಾದ ಊರಿನಲ್ಲಿ ಮಂಜಿದ್ದರೂ, ನಿಮ್ಮ ವಿಮಾನ ಬರಬೇಕಾದ ಕಡೆ ಮಳೆಯಿದ್ದರೂ ತಡವಾಗುತ್ತದೆ. ಹೊರಡುವ ಮುಂಚೆ ಎರಡೂ ಊರಿನ ಹವಾಮಾನ ನೋಡಿಕೊಳ್ಳಿ. ಮಧ್ಯೆ ವಿಮಾನ ಬದಲಿಸುವುದಿದ್ದರೆ ಕೈಯಲ್ಲಿ ಮೂರು ಗಂಟೆಯಾದರೂ ಇರಲಿ.