ಗೈಡಲ್ಲಿರೋ ಕಮಾಂಡ್‌ಗಳನ್ನ ನಾನು ಟೆಸ್ಟ್ ಮಾಡೋ ರೀತಿ

ನಮ್ಮ ಟೀಮಿನ ಟೂಲ್‌ಗೆ ಇದ್ದ ಇನ್‌ಸ್ಟಾಲ್ ಗೈಡನ್ನ ಸರಿ ಮಾಡೋ ಕೆಲ್ಸ ನನ್ನ ತಲೆಗೆ ಬಂತು, ಯಾಕಂದ್ರೆ ಹೊಸದಾಗಿ ಸೇರಿದವ್ರೆಲ್ಲ ಬಂದು ಒಂದೇ ಮಾತು ಹೇಳ್ತಿದ್ರು, ಇದ್ರಲ್ಲಿ ಇರೋ ಹಂಗೇ ಹಾಕಿದೀನಿ ಆದ್ರೂ ಎರರ್ ಬರ್ತಿದೆ ಅಂತ. ಇಂಥದನ್ನ ಕೂತು ಓದಿ ತಿದ್ದೋಕಾಗಲ್ಲ. ಕಮಾಂಡ್ (ಟರ್ಮಿನಲಲ್ಲಿ ಟೈಪ್ ಮಾಡೋ ಆದೇಶ) ಗೊತ್ತಿರೋರ ಕಣ್ಣು ತಪ್ಪನ್ನ ತಾನೇ ಸರಿ ಮಾಡ್ಕೊಂಡು ಮುಂದೆ ಹೋಗ್ಬಿಡುತ್ತೆ.

ಅದಕ್ಕೆ ಒಂದು ಖಾಲಿ ಡಾಕರ್ ಕಂಟೇನರ್ (ಕಂಪ್ಯೂಟರೊಳಗೇ ಬೇರೆಯಾಗಿ ಓಡೋ, ಕೆಟ್ರೆ ಬಿಸಾಕಬಹುದಾದ ಪುಟ್ಟ ಲಿನಕ್ಸ್ ಪರಿಸರ) ಶುರು ಮಾಡಿ, ಗೈಡಿನ ಮೂಲ ಫೈಲಿಂದ ಅಲ್ಲ, ಓದೋರಿಗೆ ಬ್ರೌಸರಲ್ಲಿ ಕಾಣೋ ಪೇಜಿಂದಾನೇ ಕಾಪಿ ಮಾಡಿ ಒಂದೊಂದಾಗಿ ಪೇಸ್ಟ್ ಮಾಡ್ತಾ ಹೋದೆ. ಕಮಾಂಡಿನ ಆಪ್ಷನ್ (ಹೇಗೆ ಕೆಲ್ಸ ಮಾಡ್ಬೇಕು ಅಂತ ಹೇಳೋ ಭಾಗ) ಎಷ್ಟೋ ಸಲ ಎರಡು ಹೈಫನ್ನಿಂದ ಶುರುವಾಗುತ್ತೆ. ಮೂಲ ಫೈಲಲ್ಲಿ ಆ ಎರಡು ಹೈಫನ್ ಸರಿಯಾಗೇ ಇತ್ತು, ಪೇಜ್ ರೆಡಿ ಮಾಡೋ ಸಾಫ್ಟ್‌ವೇರ್ ಚಂದ ಕಾಣ್ಲಿ ಅಂತ ಎರಡನ್ನೂ ಸೇರಿಸಿ ಒಂದು ಉದ್ದ ಗೆರೆ ಮಾಡಿಟ್ಟಿತ್ತು! ಹೈಫನ್ ಅಂದ್ರೆ 1 ಬೈಟ್, ಈ ಡ್ಯಾಶ್ ಯುಟಿಎಫ್-8ರಲ್ಲಿ (ಅಕ್ಷರಗಳನ್ನ ಬೈಟ್‌ಗಳಾಗಿ ಬರೆದಿಡೋ ಪದ್ಧತಿ) 3 ಬೈಟ್, ಪ್ರೋಗ್ರಾಮಿಗೆ ಅದು ಆಪ್ಷನ್ ಅಂತಾನೇ ಗೊತ್ತಾಗಲ್ಲ, ಯಾವ್ದೋ ಫೈಲ್ ಹೆಸರು ಅಂದ್ಕೊಂಡು ಹುಡುಕೋಕೆ ಹೋಗುತ್ತೆ. ಫೈಲಲ್ಲಿರೋದನ್ನ ತೋರ್ಸೋ ಕ್ಯಾಟ್ ಕಮಾಂಡಿಗೆ ಕ್ಯಾಪಿಟಲ್ ಎ ಆಪ್ಷನ್ ಕೊಟ್ಟು ನೋಡಿದ್ರೆ ಗೆರೆ ಇರೋ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಸಾಲಾಗಿ ಕಾಣ್ತವೆ. ಬಾಗಿದ ಕೋಟ್ ಮಾರ್ಕ್‌ಗಳ ಕಥೇನೂ ಇದೇ.

ಮ್ಯಾಕ್ ಇಟ್ಕೊಂಡಿರೋರ ಗೋಳು ಬೇರೆ. ಫೈಲೊಳಗಿನ ಪದ ಬದಲಾಯಿಸೋ ಸೆಡ್ ಕಮಾಂಡಿನ ಐ ಆಪ್ಷನ್‌ಗೆ ಅಲ್ಲಿ ಬ್ಯಾಕಪ್ ಎಕ್ಸ್‌ಟೆನ್ಷನ್ (ಹಳೇ ಪ್ರತಿಯ ಹೆಸರಿಗೆ ಸೇರೋ ಬಾಲ) ಕೊಡ್ಲೇಬೇಕು, ಲಿನಕ್ಸಲ್ಲಿ ಬೇಕಿಲ್ಲ, ಹಂಗಾಗಿ ಲಿನಕ್ಸ್ ಉದಾಹರಣೆ ಅಲ್ಲಿ ಹಾಕಿದ್ರೆ ಬದಲಾವಣೆಯ ಸೂತ್ರಾನೇ ಎಕ್ಸ್‌ಟೆನ್ಷನ್ ಆಗಿ, ಫೈಲ್ ಹೆಸರು ಸೂತ್ರ ಆಗ್ಬಿಡುತ್ತೆ.

ಎರರ್ ಕೊಡೋ ಕಮಾಂಡ್ ಪರ್ವಾಗಿಲ್ಲ ಬಿಡಿ, ಎರರ್ ಕೊಡದೆ ತಪ್ಪು ಕೆಲ್ಸ ಮಾಡೋದೇ ಡೇಂಜರ್. ಗೈಡಲ್ಲಿ ಯೂಸರನ್ನ ಡಾಕರ್ ಗ್ರೂಪಿಗೆ ಸೇರ್ಸೋಕೆ ಯೂಸರ್‌ಮಾಡ್ ಕಮಾಂಡ್ ಇತ್ತು, ಕ್ಯಾಪಿಟಲ್ ಜಿ ಆಪ್ಷನ್ ಮಾತ್ರ ಇತ್ತು, ಜೊತೆಗಿರಬೇಕಾದ ಸಣ್ಣ ಎ ಇರ್ಲಿಲ್ಲ. ಎ ಇಲ್ದಿದ್ರೆ ಅದು ಸೇರ್ಸಲ್ಲ, ಲಿಸ್ಟನ್ನೇ ಬದಲಾಯಿಸುತ್ತೆ, ಅಂದ್ರೆ ಆ ಯೂಸರ್ ಮೊದ್ಲಿದ್ದ ಬೇರೆ ಗ್ರೂಪೆಲ್ಲ ಹೋಗಿ, ಸುಡೋ ಗ್ರೂಪೂ ಹೋಗಿ, ಮುಂದಿನ ಸಲ ಲಾಗಿನ್ ಆದಾಗ ಅಡ್ಮಿನ್ ಪರ್ಮಿಷನ್ನೇ ಇರಲ್ಲ. ಇದು ಖಾಲಿ ಕಂಟೇನರಲ್ಲಿ ಸಿಗೋದೇ ಇಲ್ಲ ನೋಡಿ, ಅಲ್ಲಿ ಹೊಸ ಯೂಸರ್ ಬೇರೆ ಯಾವ ಗ್ರೂಪಲ್ಲೂ ಇರಲ್ವಲ್ಲ, ಕಳ್ಕೊಳ್ಳೋಕೆ ಏನಿದೆ. ಹಂಗಾಗಿ ಈಗ ಇನ್ನೊಂದು ಕಂಟೇನರ್ ಇಟ್ಟಿದೀನಿ, ಅದ್ರಲ್ಲಿ ಹಳೇ ಕಾನ್ಫಿಗ್ ಫೈಲು, ನಾಲ್ಕಾರು ಗ್ರೂಪಲ್ಲಿರೋ ಯೂಸರು, ಹೆಸರಲ್ಲಿ ಸ್ಪೇಸ್ ಇರೋ ಫೋಲ್ಡರು ಎಲ್ಲ ಇವೆ, ಓಡಿಸೋಕೆ ಮುಂಚೆ ಮತ್ತು ಆಮೇಲೆ ಏನೇನು ಬದಲಾಯ್ತು ಅಂತ ಹೋಲಿಸ್ತೀನಿ. ಫೈಲ್ ಹುಡುಕೋ ಫೈಂಡ್ ಕಮಾಂಡ್ ಜೊತೆ ಡಿಲೀಟ್ ಇರೋ ಉದಾಹರಣೆಗಳನ್ನಂತೂ ಇಲ್ಲಿ ಓಡಿಸ್ಲೇಬೇಕು, ಫೈಂಡ್ ಎಡದಿಂದ ಬಲಕ್ಕೆ ಓದ್ಕೊಂಡು ಹೋಗುತ್ತೆ, ಹೆಸರಿನ ಷರತ್ತಿಗಿಂತ ಮೊದ್ಲೇ ಡಿಲೀಟ್ ಬರೆದ್ರೆ ಫೋಲ್ಡರಲ್ಲಿರೋದೆಲ್ಲ ಸ್ವಾಹಾ.

ತಪ್ಪುಗಳನ್ನ ಸುಮ್ನೆ ಅಳಿಸಿ ಹಾಕ್ಲಿಲ್ಲ. ಎರರ್ ಮೆಸೇಜನ್ನ ಅಕ್ಷರ ಬಿಡದೆ ಗೈಡಲ್ಲಿ ಹಾಕಿ ಕೆಳಗೆ ಕಾರಣ ಬರೆದೆ, ಯಾಕಂದ್ರೆ ಜನ ಹುಡುಕೋದು ಎರರ್ ಮೆಸೇಜನ್ನೇ. ತಪ್ಪು ಕಮಾಂಡ್ ತೋರ್ಸೋ ಕಡೆ ಕಾಪಿ ಬಟನ್ ತೆಗೆದಿದೀನಿ, ಅವಸರದಲ್ಲಿರೋರು ಕಾರಣ ಓದಲ್ಲ, ಬಟನ್ ಮಾತ್ರ ಒತ್ತೋದು.

ಪೈಥಾನ್ ಪ್ರೋಗ್ರಾಮಿಂಗ್ ಭಾಷೇಲಿ ಡಾಕ್‌ಟೆಸ್ಟ್ ಅನ್ನೋ ಟೂಲ್ 2001ರಿಂದ ಇದೆ, ಡಾಕ್ಯುಮೆಂಟಲ್ಲಿರೋ ಉದಾಹರಣೇನೇ ಓಡಿಸಿ ಉತ್ತರ ಹೋಲಿಸುತ್ತೆ, ರಸ್ಟ್ ಭಾಷೇಲೂ ಕಾರ್ಗೋ ಟೆಸ್ಟ್ ಈ ಕೆಲ್ಸ ಮಾಡುತ್ತೆ. ನಮ್ಮ ಗೈಡಲ್ಲಿರೋ ಶೆಲ್ (ಟರ್ಮಿನಲ್) ಕಮಾಂಡ್‌ಗಳಿಗೆ ನಾನೇ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ, ಪೇಜಿಂದ ಕೋಡ್ ಬ್ಲಾಕ್‌ಗಳನ್ನ ಹೊರಗೆ ತೆಗೆದು ಎರಡೂ ಕಂಟೇನರಲ್ಲಿ ಓಡಿಸೋದಷ್ಟೇ ಅದ್ರ ಕೆಲ್ಸ. ರೀಬೂಟ್ ಬೇಕಾಗಿರೋದು, ಪಾಸ್‌ವರ್ಡ್ ಕೇಳೋದು ಇದ್ರಲ್ಲಿ ಓಡಲ್ಲ, ಅವನ್ನ ಕೈಯಾರೆ ಓಡಿಸಿ ಯಾವ ವರ್ಷನ್ ಮೇಲೆ ಯಾವ ತಾರೀಕು ಓಡಿಸಿದ್ದು ಅಂತ ಪಕ್ಕದಲ್ಲೇ ಬರೀತೀನಿ.