ಪಾಯಕ್ಕೆ ಅಂಟಿಸಿದ ಫೋಮ್ ಹಲಗೆ: ಬಿಸಿಲು, ಮಳೆ, ಗೆದ್ದಲಿನಿಂದ ಕಾಯುವ ಕ್ರಮ

ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಮನೆ ಕಟ್ಟುವುದು ಕೊಡಗಿನಲ್ಲಿ ಸಾಮಾನ್ಯ. ಹಿಂಬದಿಯ ಪಾಯ ಮಣ್ಣಿಗೆ ತಾಗಿಯೇ ಇರುವುದರಿಂದ ಆ ಕೋಣೆ ಥಂಡಿ ಹಿಡಿಯುತ್ತದೆ. ಇದಕ್ಕೆಂದು ಹೊರಗಿನಿಂದ 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ (ಥಂಡಿ ತಡೆಯುವ ಗಟ್ಟಿ ಪಾಲಿಸ್ಟೈರೀನ್ ಫೋಮ್) ಹಲಗೆ ಅಂಟಿಸಿದ್ದರೆ, ಮಣ್ಣಿನೊಳಗಿನ ಭಾಗದ ಬಗ್ಗೆ ಹೆಚ್ಚು ಚಿಂತೆ ಬೇಡ. ಬೇಗ ಕೆಡುವುದು ನೆಲದಿಂದ ಮೇಲೆ ಕಾಣುವ ಒಂದೆರಡು ಅಡಿ.

ಫೋಮ್ ಹಾಕಿದ ಮಾತ್ರಕ್ಕೆ ನೀರು ನಿಲ್ಲುವುದಿಲ್ಲ; ಹಲಗೆಗಳ ಸಂದಿಯಲ್ಲಿ ಅದು ಇಳಿದೇ ಇಳಿಯುತ್ತದೆ. ಹಾಗಾಗಿ ಹಲಗೆಗಿಂತ ಮೊದಲು ಗೋಡೆಗೆ ವಾಟರ್‌ಪ್ರೂಫಿಂಗ್ ಆಗಿರಬೇಕು, ಬುಡದಲ್ಲಿ ಜಲ್ಲಿ ಸುತ್ತಿದ ತೂತಿನ ಪೈಪ್ ಇದ್ದು ನೀರನ್ನು ಇಳಿಜಾರಿನ ಕಡೆ ಹೊರಹಾಕಬೇಕು. ಬಿಟುಮೆನ್ (ಡಾಂಬರು) ಬಳಿಯುವುದಾದರೆ ನೀರಿನಲ್ಲಿ ಬೆರೆಸಿದ ಎಮಲ್ಷನ್ನೇ ಆಗಲಿ. ಪೆಟ್ರೋಲ್ ಅಥವಾ ಥಿನ್ನರ್ ಬೆರೆತ ಡಾಂಬರು ಫೋಮನ್ನು ತಿಂದು ಹಾಕುತ್ತದೆ.

ಕೆಲಸಕ್ಕೆ ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್, ಏಪ್ರಿಲ್‌ನಲ್ಲಾದರೆ ಟಾರ್ಪಾಲು ಕೈಗೆ ಸಿಗುವಂತಿರಲಿ: ಕಾಫಿಗೆ ವರವಾದ ಹೂಮಳೆ ಹಸಿ ಗಾರೆಯನ್ನು ತೊಳೆದುಬಿಡುತ್ತದೆ.

ಬಿಸಿಲಿಗೆ ಬಿದ್ದ ಫೋಮ್ ಕೆಲವೇ ವಾರಗಳಲ್ಲಿ ಬಣ್ಣಗೆಟ್ಟು ಮೇಲೆಲ್ಲ ಪುಡಿಯಾಗುತ್ತದೆ. ಆ ಪುಡಿಯ ಮೇಲೆ ಬಳಿದದ್ದು ಹಲಗೆಗೆ ಹಿಡಿಯದೆ ಪದರ ಪದರವಾಗಿ ಏಳುತ್ತದೆ. ಹೊಸ ಹಲಗೆಯ ನುಣುಪು ಮೈಗೂ ಗಾರೆ ಕಚ್ಚುವುದಿಲ್ಲ. ಎರಡಕ್ಕೂ ಮದ್ದು ಒಂದೇ, ಒರಟು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ ಧೂಳು ಒರೆಸುವುದು. ಸಂದಿಗಳಿಗೆ ಸ್ಪ್ರೇ ಫೋಮ್ ತುಂಬಿ, ಉಬ್ಬಿದ್ದನ್ನು ಕೊಯ್ದು ಸಮ ಮಾಡಿ. ಗಾರೆ ತುಂಬಿದರೆ ಅದೇ ಗೆರೆಯಲ್ಲಿ ಬಿರುಕು ಬರುತ್ತದೆ. ನೆಲದ ಮೇಲಿನ ಭಾಗಕ್ಕೆ ಚದರ ಮೀಟರಿಗೆ ಐದಾರು ಪ್ಲಾಸ್ಟಿಕ್ ಆಂಕರ್ (ಹಲಗೆಯನ್ನು ಗೋಡೆಗೆ ಬಿಗಿಯುವ ಮೊಳೆ) ಹೊಡೆಯಿರಿ. ನೆಲದ ಕೆಳಗೆ ಬೇಡ, ವಾಟರ್‌ಪ್ರೂಫಿಂಗ್ ತೂತಾಗುತ್ತದೆ.

ಇಲ್ಲಿ ಮೇಸ್ತ್ರಿಗಳು 1:4 ಸಿಮೆಂಟ್ ಗಾರೆಯನ್ನೇ ನೇರವಾಗಿ ಸಾರಿಸಲು ಹೊರಡುತ್ತಾರೆ, ಬಿಡಬೇಡಿ. ಒಣಗುವಾಗ ಗಾರೆ ಕುಗ್ಗುತ್ತದೆ, ಬಿಸಿಲಿಗೆ ಫೋಮ್ ಹಿಗ್ಗುತ್ತದೆ, ನಡುವೆ ಹಿಡಿತವಿಲ್ಲದೆ ಸಾರಣೆ ಬಿಟ್ಟುಕೊಳ್ಳುತ್ತದೆ. ಬೇಕಾದದ್ದು ಫೋಮ್ ಮೇಲೆ ಬಳಿಯಲೆಂದೇ ಬರುವ ಪಾಲಿಮರ್ ಬೇಸ್‌ಕೋಟ್ (ತಳಲೇಪ) ಮತ್ತು ಕ್ಷಾರ ತಡೆಯುವ ಫೈಬರ್‌ಗ್ಲಾಸ್ ಬಲೆ (ಚದರ ಮೀಟರಿಗೆ 145–160 ಗ್ರಾಂ). ಮೊದಲು 3 ಮಿ.ಮೀ. ಬಳಿದು, ಹಸಿಯಿರುವಾಗಲೇ ಬಲೆಯನ್ನು ಕರಣೆಯಿಂದ ಒತ್ತಿ ಮುಳುಗಿಸಿ. ಒಂದು ಬಲೆಯ ಮೇಲೆ ಇನ್ನೊಂದು 10 ಸೆಂ.ಮೀ. ಹಾಯಬೇಕು. ಮಾರನೆಯ ದಿನ 2 ಮಿ.ಮೀ. ಮೇಲಿನ ಪದರ. ಮೂಲೆಗಳಿಗೆ ಬಲೆ ಸಮೇತದ ಕಾರ್ನರ್ ಬೀಡ್ (ಮೂಲೆಪಟ್ಟಿ) ಕೂರಿಸಿ. ಈ ಲೇಪ ನೆಲದ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗೂ ಇಳಿಯಲಿ, ಮಣ್ಣು ಸ್ವಲ್ಪ ಕೊಚ್ಚಿಹೋದರೂ ಫೋಮ್ ಬಯಲಾಗದು.

10 ಮೀಟರ್ ಉದ್ದ, 60 ಸೆಂ.ಮೀ. ಎತ್ತರದ ಪಾಯಕ್ಕೆ ಕೆಳಗಿನ 15 ಸೆಂ.ಮೀ. ಸೇರಿ 7.5 ಚದರ ಮೀಟರ್. ಸುಮಾರು 9 ಚದರ ಮೀಟರ್ ಬಲೆ, 55–60 ಕೆ.ಜಿ. ಬೇಸ್‌ಕೋಟ್ ಪುಡಿ, 36 ಆಂಕರ್ ತರಿಸಿ.

ಬಣ್ಣಕ್ಕೆ ಹೊರಗೋಡೆಯ ಅಕ್ರಿಲಿಕ್ ಸಾಕು. ಕೆಸರು ಕಾಣಬಾರದೆಂದು ಪಾಯಕ್ಕೆ ಗಾಢ ಬಣ್ಣ ಬಳಿಯುವ ರೂಢಿಯಿದೆ. ಫೋಮ್ ಮೇಲೆ ಅದು ಬೇಡ. ಗಾಢ ಬಣ್ಣ ಹೀರಿದ ಬಿಸಿಲಿನ ಕಾವು ಗೋಡೆಗೆ ಇಳಿಯದೆ ತೆಳು ಲೇಪದಲ್ಲೇ ನಿಂತು ಬಿರುಕು ತರುತ್ತದೆ.

ಹಲಗೆಯ ಮೇಲಂಚೇ ನೀರು ನುಗ್ಗುವ ಬಾಗಿಲು. ಅಲ್ಲಿಗೆ ಅಲ್ಯೂಮಿನಿಯಂ ತಗಡು ಬಗ್ಗಿಸಿ, ಹೊರಕ್ಕೆ ಇಳಿಜಾರು ಕೊಟ್ಟು, ತುದಿ 2 ಸೆಂ.ಮೀ. ಚಾಚುವಂತೆ ಕೂರಿಸಿ. ತಗಡಿನ ಮೇಲಿನ ಏಣನ್ನು ಗೋಡೆಯಲ್ಲಿ ತೋಡು ಕೊರೆದು ಒಳಸೇರಿಸಿ ಸೀಲೆಂಟ್ ತುಂಬಿ; ಗೋಡೆಗೆ ಬರೀ ಅಂಟಿಸಿದ ತಗಡು ಒಂದು ಮಳೆಗಾಲಕ್ಕೆ ಬಿಟ್ಟುಕೊಳ್ಳುತ್ತದೆ.

ಗೆದ್ದಲು ಫೋಮನ್ನು ಆಹಾರವಾಗಿ ತಿನ್ನುವುದಿಲ್ಲ, ಆದರೆ ಅದರೊಳಗೆ ಸುರಂಗ ಕೊರೆದು ಕಣ್ಣಿಗೆ ಬೀಳದಂತೆ ಕಿಟಕಿ, ಬಾಗಿಲ ಮರಕ್ಕೆ ಹತ್ತುತ್ತದೆ. ಆದ್ದರಿಂದ ಫೋಮಿನ ಮೇಲಂಚಿಗೂ ಮೊದಲ ಮರಕ್ಕೂ ನಡುವೆ 15 ಸೆಂ.ಮೀ. ಬರಿ ಗೋಡೆ ಬಿಡಿ, ಮಣ್ಣಿನ ಗೆರೆ ಹತ್ತಿದರೆ ಅಲ್ಲಿ ಕಾಣುತ್ತದೆ. ಮಣ್ಣು ತುಂಬುವ ಮೊದಲೇ ಗೆದ್ದಲು ಮದ್ದು ಹೊಡೆಸಿ. ಹಿತ್ತಿಲಿನ ಸೌದೆ ರಾಶಿಯನ್ನು ಈ ಗೋಡೆಗೆ ಒರಗಿಸಬೇಡಿ.

ಗೋಡೆಯ ಬುಡಕ್ಕೆ 45 ಸೆಂ.ಮೀ. ಅಗಲ 20 ಮಿ.ಮೀ. ಜಲ್ಲಿ ಹಾಸಿದರೆ ಸೂರಿನ ನೀರು ಕೆಸರು ಎರಚದು, ಹುಲ್ಲು ಕಡಿಮೆಯಾಗುತ್ತದೆ, ಕಳೆ ಕೊಚ್ಚುವ ಮೆಷಿನ್ನಿನ ದಾರ ಲೇಪಕ್ಕೆ ಬಡಿಯುವುದೂ ತಪ್ಪುತ್ತದೆ. ಪ್ರತಿ ಮೇ ತಿಂಗಳಲ್ಲಿ ಬೆರಳಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಕೊಯ್ದು ತೆಗೆದು, ಹೊಸ ಬಲೆಯನ್ನು ಹಳೆಯದರ ಮೇಲೆ 10 ಸೆಂ.ಮೀ. ಹಾಯಿಸಿ ಮತ್ತೆ ಬಳಿಯಿರಿ.